ಖಾಲಿ ಜಾಗದ ಶಾವಿಗೆ

ಮೂಡಲಗಿಯಲ್ಲಿ ನಮ್ಮ ಓಣಿಯ ಹಿಂದೆ ಒಂದು ಹಳೆಯ ಕಣವಿದೆ. ಅಲ್ಲಿ ಈಗ ಯಾರೂ ರಾಶಿ ಮಾಡುವುದಿಲ್ಲ. ಹೀಗಾಗಿ ನಕಾಶೆಯಲ್ಲಿ ಅದು ‘ಖಾಲಿ ಜಾಗ’. ಅದನ್ನು ಯಾವುದಕ್ಕೆ ಬಳಸಬಹುದೆಂದು ವರದಿ ಬರೆಯಲು ಒಂದು ಬೇಸಿಗೆಯಲ್ಲಿ ಇಂಜಿನಿಯರೊಬ್ಬರು ಟೇಪು ಹಿಡಿದು ಬಂದರು. ಆಗ ಅಲ್ಲಿ ಸಾಲಾಗಿ ಹಾಕಿದ ಹೊರಸು ಮಂಚಗಳ ಮೇಲೆ ಓಣಿಯವರ ವರ್ಷದ ಶಾವಿಗೆ ಒಣಗುತ್ತಿತ್ತು.

“ಇವನ್ನ ತಗೀರಿ, ಅಳತಿ ಮಾಡಬೇಕು. ಮಳಿಗಿ ಬರ್ತಾವ ಇಲ್ಲಿ,” ಎಂದರು.

“ಹಸಿ ಶಾವಿಗಿ ಎತ್ತಿದ್ರ ಮುರೀತಾವ್ರಿ,” ಎಂದಳು ಪಕ್ಕದ ಮನೆಯ ಹುಸೇನಬಿ. ಆಮೇಲೆ ನನ್ನನ್ನು ಮುಂದೆ ತಳ್ಳಿದಳು. “ನರ್ಸ್ ಬಾಯಾರ, ನೀವ ಹೇಳ್ರಿ. ನಿಮ್ಮ ಕನ್ನಡ ಆಫೀಸಿನವ್ರಿಗೆ ತಿಳೀತೈತಿ.”

ಚಾಮರಾಜನಗರದ ಕಡೆಯಿಂದ ನರ್ಸ್ ಕೆಲಸಕ್ಕೆ ಬಂದು ಇಲ್ಲೇ ಮುದುಕಿಯಾದವಳು ನಾನು. ಆದರೂ ನನ್ನ ಮಾತು ಇವರಿಗೆ ಇನ್ನೂ ಸರ್ಕಾರಿ.

“ನಮ್ಮ ಮನೆಗಳಿಗೆ ಅಂಗಳವಿಲ್ಲ ಸಾರ್. ಓಣಿಗೆಲ್ಲ ಇರೋದು ಇದೊಂದೇ ಬಿಸಿಲು,” ಎಂದೆ.

ಅವರು ಫಾರ್ಮು ತೆಗೆದು ತೋರಿಸಿದರು. “ಇದರಾಗ ಮಳಿಗಿ, ಉದ್ಯಾನ, ವಾಹನ ನಿಲುಗಡೆ, ಇಷ್ಟ ಅದಾವ್ರಿ. ಶಾವಿಗಿ ಎಲ್ಲಿ ಬರೀಲಿ? ಉದ್ಯಾನ ಅಂತ ಬರೀಲೇನು?”

“ಗಿಡ ಹಚ್ಚಿದ್ರ ನೆರಳ ಬೀಳತೈತಿ, ಬ್ಯಾಡ್ರಿ,” ಎಂದಳು ಹುಸೇನಬಿ.

ಅವರಿಗೆ ನಗು ತಡೆಯಲಾಗಲಿಲ್ಲ. ಚಹಾ ಕುಡಿದು, ಯೋಚಿಸಿ, ‘ವಾಹನ ನಿಲುಗಡೆ’ ಎಂದು ಬರೆದುಕೊಂಡು ಹೋದರು. ಅದೇ ಮಂಜೂರಾಯಿತು, ಫಲಕವೂ ಬಂತು. ಬೇಸಿಗೆಯಲ್ಲಿ ಶಾವಿಗೆಗೆ ಬರುವ ಕಾಗೆ ಹೆದರಿಸಲು ಆ ಫಲಕದ ಕಂಬಕ್ಕೇ ಕರಿ ಬಟ್ಟೆ ಕಟ್ಟುತ್ತೇವೆ.

ಈ ವರ್ಷ ಅದೇ ಇಂಜಿನಿಯರು ಅಲ್ಲಿ ಬೈಕು ನಿಲ್ಲಿಸಲು ಬಂದಿದ್ದರು. ಹುಸೇನಬಿ ಹೊರಸಿನ ಬಾಜೂದಿಂದಲೇ ಕೂಗಿದಳು: “ಬ್ಯಾರೆ ಕಡೆ ಹಚ್ರಿ ಸಾಹೇಬ್ರ, ಇಲ್ಲಿ ಜಾಗಾ ಖಾಲಿ ಇಲ್ಲ!”