ಆಯಿ ಹೇಳಲಾರದ ಮನೆಯ ಹೆಸರು

ಸೋಮವಾರ, ಬೆಳಗ್ಗೆ ಏಳು ಗಂಟೆ. ಜೇವರ್ಗಿಯ ನಮ್ಮ ಹೊಸ ಮನೆಯ ಮುಂದೆ ಇದ್ದವರು ಮೂವರು: ನಾನು, ಸೊಸೆ, ಹೆಸರಿನ ಕಲ್ಲು ಕೆತ್ತುವವನು. ಬಾಗಿಲ ಮೇಲಿನ ಗೋಡೆಗೆ ಆಗಷ್ಟೇ ಸುಣ್ಣ ಹಚ್ಚಿದ್ದರು. ತೀರಿಕೊಂಡ ನನ್ನ ಯಜಮಾನರ ಹೆಸರನ್ನೇ ಮನೆಗೆ ಇಡುವುದೆಂದು ಮಗ ನಿಶ್ಚಯಿಸಿದ್ದ.

"ಏನಂತ ಕೆತ್ಲಿರಿ?" ಎಂದ ಕಲ್ಲಿನವನು.

"ಮಾವನೋರ ಹೆಸರ್ರಿ" ಎಂದು ಸೊಸೆ, ಅದನ್ನು ಬಾಯಿಂದ ಹೇಳದೆ ಚೀಟಿಯಲ್ಲಿ ಬರೆದುಕೊಟ್ಟಳು. ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಮಣ್ಣೂರಿನ ಆಯಿ ನೆನಪಾದಳು...

ಹಂಗಾಮಿ ಶಿಕ್ಷಕಿಯಾಗಿ ಮಣ್ಣೂರಿಗೆ ಹೋದಾಗ ನನಗೆ ಇಪ್ಪತ್ತೆರಡು. ಆಯಿ ನನಗೆ ಹೊರಕೋಣೆ ಬಾಡಿಗೆಗೆ ಕೊಟ್ಟ ಮುದುಕಿ. ಐದಕ್ಕೆ ಏಳಬೇಕು, ಆರರೊಳಗೆ ಅಂಗಳ ಗುಡಿಸಿರಬೇಕು. ನನ್ನ ಶಿಸ್ತೆಲ್ಲ ಅಲ್ಲಿ ಕಲಿತದ್ದು. ಮನೆ ಕಟ್ಟಿಸಿದ ಅವಳ ಗಂಡ ಬಾಗಿಲ ಮೇಲೆ ತನ್ನ ಹೆಸರನ್ನೇ ಬರೆಸಿ, ಕೆಲವು ವರ್ಷಗಳಲ್ಲೇ ತೀರಿಕೊಂಡಿದ್ದ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದು ಮದುವೆಯಲ್ಲಿ, ಹೊಸ್ತಿಲ ಬಳಿ, ಪ್ರಾಸ ಕೂಡಿಸಿ ಒಡಪು ಕಟ್ಟಿ. ಆಮೇಲೆ ಇಲ್ಲ; ಮಾವನ ಹೆಸರಂತೂ ಎಂದೂ ಇಲ್ಲ. ಹೀಗಾಗಿ ಯಾರಾದರೂ ಕೇಳಿದರೆ ಆಯಿ ‘ಬೇವಿನ ಗಿಡದ ಮನಿ’ ಎನ್ನುತ್ತಿದ್ದಳು.

"ಆಯಿ, ನಿನ್ನ ಮನಿ ಹೆಸರ ನನಗ ಬರ್ತದ, ನಿನಗ ಬರಂಗಿಲ್ಲ" ಎಂದು ನಾನು ಕಾಡಿಸುತ್ತಿದ್ದೆ.

"ಬರ್ತದ ಬೇ. ತುಟಿ ದಾಟಂಗಿಲ್ಲ, ಅಷ್ಟ."

ಆ ವರ್ಷ ಊರಲ್ಲಿ ನನ್ನದೇ ಹೆಸರಿನ ಇನ್ನೊಬ್ಬ ಶಿಕ್ಷಕಿ ಇದ್ದಳು. ಹೊಸ ಅಂಚೆಯವನು ಒಮ್ಮೆ ಅವಳ ಪತ್ರ ನನಗೆ ಕೊಟ್ಟು ಬೈಸಿಕೊಂಡಿದ್ದ. ನಾನು ಕಾಯಂ ನೌಕರಿಯ ಸಂದರ್ಶನದ ಪತ್ರಕ್ಕೆ ಕಾಯುತ್ತಿದ್ದೆ. ಅದು ಬಂದ ದಿನ ನಾನು ತರಬೇತಿಗೆಂದು ಅಫಜಲಪುರಕ್ಕೆ ಹೋಗಿದ್ದೆ. ಓಣಿಯವರೆಲ್ಲ ಹೊಲದಲ್ಲಿ. ಬಾಗಿಲ ಮೇಲಿನ ಅಕ್ಷರಗಳ ಮೇಲೆ ದಸರೆಯ ಸುಣ್ಣ ಕೂತು ಓದಲು ಬಾರದಂತಾಗಿತ್ತು.

"ಲಕೋಟಿ ಮ್ಯಾಲ ಬರದ ಮನಿ ಹೆಸರ ಹೇಳ್ರಿ, ಕೊಡ್ತೀನಿ" ಎಂದನಂತೆ ಅವನು.

"ಬೇವಿನ ಗಿಡದ ಮನಿ."

"ಬೇವಿನ ಗಿಡ ಓಣಿಗೊಂದು ಅದಾವ್ರಿ. ಬಂದಲ್ಲಿಗೇ ಹೊಳ್ಳಿ ಕಳಸ್ತೀನಿ."

ಅವನು ಸೈಕಲ್ ಹತ್ತಿದ. ಆಯಿ ಹೊಸ್ತಿಲು ದಾಟಿ, ಓಣಿಯ ನಡುವೆ ನಿಂತು, ಗಂಡನ ಹೆಸರನ್ನು ಕೂಗಿ ಹೇಳಿದಳು. ಒಡಪಿಲ್ಲದೆ.

ಸಂಜೆ ಲಕೋಟೆಯನ್ನು ನನ್ನ ಕೈಗಿಟ್ಟಳು. ಸಂದರ್ಶನ ಮರುದಿನವೇ ಇತ್ತು. ಆ ಪತ್ರ ತಪ್ಪಿದ್ದರೆ ನನ್ನ ಮೂವತ್ತಾರು ವರ್ಷದ ನೌಕರಿ ಇಲ್ಲ. ಆಯಿ ಮಾತ್ರ ಅಂದು ಉಣ್ಣಲಿಲ್ಲ. ಗಂಡನ ಫೋಟೋದ ಮುಂದೆ ದೀಪ ಹಚ್ಚಿ ಕೂತಳು.

"ನೀ ಮನಿ ಕಟ್ಟಿದ್ರ, ಬಾಯಿ ತುಂಬ ಹೇಳಾಕ ಬರೋ ಹೆಸರಿಡು" ಎಂದಳು.

ನೌಕರಿ ಸಿಕ್ಕಿತು, ಊರು ಬಿಟ್ಟೆ. ಆಯಿ ತೀರಿಹೋದ ಸುದ್ದಿ ತಿಂಗಳು ಕಳೆದ ಮೇಲೆ ತಲುಪಿತು. ಪರೀಕ್ಷೆಗಳು ನಡೆದಿದ್ದವು, ಹೋಗಲಾಗಲಿಲ್ಲ. ಆಮೇಲೂ ಹೋಗಲಿಲ್ಲ...

ನಾನು ಕಲ್ಲಿನವನ ಕೈಯಿಂದ ಚೀಟಿ ತೆಗೆದುಕೊಂಡು ಮಗನಿಗೆ ಫೋನ್ ಮಾಡಿ, ಮನೆಗೆ ಬೇರೆ ಹೆಸರಿಡೋಣ ಎಂದೆ.

"ಮತ್ತ ಅಪ್ಪಾಜಿ ಹೆಸರು?" ಎಂದ.

"ನಿಮ್ಮಪ್ಪ ಒಳಗ ಫೋಟೋದಾಗ ಅದಾರ. ಮನಿ ಹೆಸರ ನಿನ್ನ ಹೆಂಡ್ತಿಗೂ ಹೇಳಾಕ ಬರಬೇಕು."

"ಆಯ್ತವ್ವ" ಎಂದ.

ಸಂಜೆ ಐದಕ್ಕೆ ಕಲ್ಲು ಗೋಡೆಗೆ ಕೂತಿತು. ಸೊಸೆ ತಲೆಯೆತ್ತಿ ಗಟ್ಟಿಯಾಗಿ ಓದಿದಳು: "ಮಣ್ಣೂರ." ಕಲ್ಲಿನವನು ನಿಚ್ಚಣಿಕೆ ಹೊತ್ತು ಹೋದ. ನಾನು ಹೊಸ್ತಿಲ ಮೇಲೆ ಬಿದ್ದ ಸುಣ್ಣವನ್ನು ಬಟ್ಟೆಯಿಂದ ಒರೆಸಿ, ಅದನ್ನು ಒಗೆದು ಒಣಹಾಕಿದೆ.