ಜಾಹೀರಾತಿನಡಿಯ ಹಾಡು

ಧಾರಾವಾಹಿಯವರಿಗೆ ಬಾಯಿ ಬಿಟ್ಟು ಮಾತಾಡಲು ಬರುವುದಿಲ್ಲ, ಜಾಹೀರಾತಿನವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಇವರಿಬ್ಬರ ನಡುವೆ ಸಿಕ್ಕಿಕೊಂಡು ಬಂದಳಿಕೆ ಕಡೆಯ ಹಳ್ಳಿಯ ಶ್ರೀಲತಾ ಹತ್ತು ವರ್ಷ ಪ್ರತಿ ಮಧ್ಯಾಹ್ನ ರಿಮೋಟ್ ಹಿಡಿದು ಕೂತಳು. ಅತ್ತೆ ಹೂವಮ್ಮನಿಗೆ ಕಿವಿ ಸ್ವಲ್ಪ ಮಂದ. ಧಾರಾವಾಹಿಯ ಸೊಸೆ ಬಾಗಿಲ ಮರೆಯಲ್ಲಿ ನಿಂತು ಪಿಸುಗುಟ್ಟುವ ಗುಟ್ಟು ಆಕೆಗೆ ತಿಳಿಯಬೇಕಾದರೆ ಸೌಂಡು ಮೂವತ್ತಕ್ಕೆ ಏರಬೇಕು. ಏರಿಸಿದ ಗಳಿಗೆಗೆ ಸರಿಯಾಗಿ ಕಕ್ಕಸು ತೊಳೆಯುವ ಔಷಧಿ ಮಾರುವವನು ನಡುಮನೆಗೇ ನುಗ್ಗಿದವನಂತೆ ಅರಚಲು ಶುರು ಮಾಡುತ್ತಿದ್ದ. ಕೊಟ್ಟಿಗೆಯ ಎಮ್ಮೆ ಕೂಡ ಬೆಚ್ಚುತ್ತಿತ್ತು.

ಟಿ.ವಿ.ಯೇ ಕೆಟ್ಟಿದೆಯೆಂದುಕೊಂಡು ಅವಳು ಗಂಡ ಚನ್ನೇಶನಿಂದ ಒಮ್ಮೆ ಅದನ್ನು ಶಿಕಾರಿಪುರಕ್ಕೂ ಹೊರಿಸಿದ್ದಳು. ರಿಪೇರಿ ಅಂಗಡಿಯ ನಜೀರ್ ಸಾಬ್ ಹಿಂದೆ ಮುಂದೆ ತಿರುಗಿಸಿ ನೋಡಿ, "ಇದ್ರಲ್ಲಿ ಏನೂ ಕೆಟ್ಟಿಲ್ಲಮ್ಮಾ. ಅಲ್ಲಿಂದ್ಲೇ ಹಂಗೆ ಕೂಗಿ ಕಳಿಸ್ತಾರೆ. ನಾನಿಲ್ಲಿ ಕೂತು ಯಾರ ಬಾಯಿ ಮುಚ್ಚಿಸ್ಲಿ?" ಎಂದಿದ್ದರು.

ಅಂದಿನಿಂದ ಶ್ರೀಲತಾ ತನ್ನ ಬೆರಳನ್ನೇ ನಂಬಿದಳು. ವಿರಾಮ ಬಂತೆಂದರೆ ಇಳಿಸುವುದು, ಮುಗಿಯಿತೆಂದರೆ ಏರಿಸುವುದು. ಕೆಲವೊಮ್ಮೆ ಸಿಟ್ಟು ಬಂದು ಹಾಗೇ ಬಿಟ್ಟುಬಿಡುವುದು.

ಹೋದ ವರ್ಷ ಭತ್ತದ ಕೊಯ್ಲಿಗೆ ಮುಂಚೆ ಒಂದು ದಿನ, ತಲೆನೋವೆಂದು ಅವಳು ಜಾಹೀರಾತಿನ ನಡುವೆ ಸೌಂಡನ್ನು ಪೂರ್ತಿ ತೆಗೆದುಹಾಕಿದಳು. ಮನೆ ಇದ್ದಕ್ಕಿದ್ದಂತೆ ಸ್ತಬ್ಧವಾಯಿತು. ಆ ಮೌನದಲ್ಲಿ ಹೂವಮ್ಮನ ದನಿ ಕೇಳಿಸಿತು. ಬತ್ತಿ ಹೊಸೆಯುತ್ತ ಮುದುಕಿ ಹಾಡುತ್ತಿದ್ದಳು. ಅರ್ಧ ಮಾತಿಗೇ ಹಾಡು ನಿಂತಿತು.

"ಯಾಕೆ ತೆಗ್ದೆ ಸೌಂಡು?" ಎಂದಳು ಹೂವಮ್ಮ, ಕದಿಯುವಾಗ ಸಿಕ್ಕಿಬಿದ್ದವರ ಮುಖ ಮಾಡಿಕೊಂಡು.

ಅದು ಹಸೆಯ ಹಾಡು. ಮದುವೆಯ ಮನೆಯಲ್ಲಿ ಗೋಡೆಗೆ ಕೆಮ್ಮಣ್ಣು ಸಾರಿಸಿ, ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆಯ ಚಿತ್ತಾರ ಬರೆಯುತ್ತಾರೆ. ಅದರ ಮುಂದೆ ಗಂಡುಹೆಣ್ಣನ್ನು ಕೂರಿಸುತ್ತಾರೆ. ಈ ಮನೆಯವರು ಹಸೆಯನ್ನು ಕಣ್ಣಳತೆಯಿಂದ ಬರೆದವರಲ್ಲ. ಎಷ್ಟು ಎಳೆ, ಯಾವ ಮೂಲೆಗೆ ಯಾವ ಹೂವು, ಎಲ್ಲವನ್ನೂ ಹಾಡೇ ಹೇಳಬೇಕು, ಕೈ ಅದರ ಹಿಂದೆ ಹೋಗಬೇಕು. ಆ ಹಾಡು ಬಲ್ಲ ಇನ್ನಿಬ್ಬರು ಎಂದೋ ತೀರಿಹೋಗಿದ್ದರು. ಉಳಿದವಳು ಹೂವಮ್ಮ ಒಬ್ಬಳೇ. ಆದರೆ ಮಾವ ಸುಬ್ಬಪ್ಪ ಹೋದ ದಿನದಿಂದ ಆಕೆ ಹಸೆ ಮುಟ್ಟುವಂತಿರಲಿಲ್ಲ, ಹಾಡುವಂತಿರಲಿಲ್ಲ. ಗಂಡನಿಲ್ಲದವಳ ಬಾಯಲ್ಲಿ ಆ ಹಾಡು ಬರಬಾರದು. ಯಾರು ಮಾಡಿದ ಕಟ್ಟಳೆಯೋ, ಅವರ ಬಾಯಿಗೆ ಮಣ್ಣು ಹಾಕ! ಹೂವಮ್ಮನಿಗೆ ಮಾತ್ರ ಅದೇ ಸತ್ಯವಾಗಿತ್ತು.

ಸುಬ್ಬಪ್ಪ ಇದ್ದಾಗ ಆಕೆ ಕರೆಕರೆದು ಹೇಳಿಕೊಡಲು ಬಂದಿದ್ದಳು. ಸೊರಬದ ಕುಪ್ಪಗಡ್ಡೆಯಿಂದ ಬಂದ ಸೊಸೆ, "ಇರ್ಲಿ ಅತ್ತೆ, ಇನ್ನೊಂದ್ಸಲ ಕಲಿತೀನಿ" ಎಂದೇ ವರ್ಷಗಳನ್ನು ತಳ್ಳಿದ್ದಳು. ಈಗ ಮಗಳು ಮೇಘನಾಳ ಮದುವೆ ಸೊರಬದ ಹುಡುಗನೊಂದಿಗೆ ಗೊತ್ತಾಗಿತ್ತು. ಅಜ್ಜಿಯ ಹಸೆಯ ಮುಂದೆಯೇ ಕೂರುತ್ತೇನೆಂದು ಅವಳು ಚಿಕ್ಕಂದಿನಿಂದ ಹೇಳಿಕೊಂಡು ಬಂದಿದ್ದಳು. ಹಳೆಯ ಗೋಡೆಗೆ ಸಿಮೆಂಟು ಮೆತ್ತಿದಾಗಲೇ ಹಸೆ ಹೋಗಿತ್ತು. ಶ್ರೀಲತಾ ತನ್ನ ಮದುವೆಯ ಆಲ್ಬಂ ತೆಗೆದು ನೋಡಿದಳು. ಅಂಚು ಕಂಡಿತು, ಕಂಬಗಳು ಕಂಡವು. ನಡುಭಾಗಕ್ಕೆ ಮಾತ್ರ ಅವಳ ತಲೆಯೇ ಅಡ್ಡ ಇತ್ತು.

ಕಡೆಗೆ ಧೈರ್ಯ ಮಾಡಿ ಕೇಳಿದಳು. "ಅತ್ತೆ, ಒಂದೇ ಒಂದ್ಸಲ ಹೇಳ್ಕೊಡಿ."

"ಬಾಯಿ ಮುಚ್ಚೇ. ನನ್ನ ಬಾಯಿಂದ ಅದು ಬಂದು, ನಾಳೆ ಆ ಮಗೀಗೆ ಏನಾದ್ರೂ ಆದ್ರೆ?"

ಮರುದಿನ ಮಧ್ಯಾಹ್ನ ವಿರಾಮ ಬಂತು. ಜಾಹೀರಾತು ಬೊಬ್ಬೆ ಹಾಕತೊಡಗಿತು. ಹೂವಮ್ಮನ ತುಟಿಗಳು ಅಲುಗಿದವು, ಮೊದಲಿಗಿಂತ ನಿಧಾನವಾಗಿ, ಒಂದೊಂದು ಸಾಲೂ ಎರಡೆರಡು ಸಲ. ಶ್ರೀಲತಾಳಿಗೆ ಹೊಳೆಯಿತು. ಯಾರಿಗೂ ಕೇಳಿಸುವುದಿಲ್ಲ ಎಂಬ ಧೈರ್ಯದಲ್ಲಿ ಮಾತ್ರ ಆ ಹಾಡು ಹೊರಗೆ ಬರುತ್ತಿತ್ತು.

ಅಂದಿನಿಂದ ರಿಮೋಟಿನ ಕೆಲಸ ಬೇರೆಯಾಯಿತು. ಶ್ರೀಲತಾ ಬತ್ತಿಯ ಬುಟ್ಟಿಯಲ್ಲಿ ಮೊಬೈಲನ್ನು ರೆಕಾರ್ಡಿಗೆ ಇಟ್ಟು ಅರಳೆ ಮುಚ್ಚುತ್ತಿದ್ದಳು. ಸೆರಗಿನ ಮರೆಯಲ್ಲಿ ರಿಮೋಟ್ ಹಿಡಿದು, ಒಂದು ವಿರಾಮಕ್ಕೆ ಒಂದೇ ಮೆಟ್ಟಿಲು ಇಳಿಸುತ್ತಿದ್ದಳು. ಮೂವತ್ತರಿಂದ ಇಪ್ಪತ್ತೊಂಬತ್ತು, ಇಪ್ಪತ್ತೆಂಟು. ಇಪ್ಪತ್ತಾರಕ್ಕೆ ಇಳಿದರೆ ಪರದೆಯ ಮೇಲಿನ ಅಂಕಿ ಕಂಡು ಮುದುಕಿ ಬಾಯಿ ಮುಚ್ಚುತ್ತಿದ್ದಳು. ಅಲ್ಲಿಗೆ ಆ ದಿನದ ಪಾಠ ಮುಗಿಯಿತು.

ಅಂಚಿನ ಹಾಡು ಸಿಕ್ಕಿತು. "ಮೂಡಲ ಕಂಬಕೆ ಮೂರೆಳೆ ಎಳೆಯಮ್ಮ, ಪಡುವಲ ಕಂಬಕೆ ಐದೆಳೆ." ಮೂಲೆಯ ಹೂವಿನದೂ ಸಿಕ್ಕಿತು. ಉಳಿದದ್ದು ನಡುಭಾಗ. ಅಲ್ಲಿ ಗಂಡಹೆಂಡಿರ ಹೆಸರು ಕೂಡಿ ಬರುತ್ತದೆ, ವಿಧವೆಗೆ ಎಲ್ಲಕ್ಕಿಂತ ನಿಷಿದ್ಧವಾದದ್ದು ಅದು. ಅದನ್ನು ಹೂವಮ್ಮ ಅತಿ ದೊಡ್ಡ ಗಂಟಲಿನ ಜಾಹೀರಾತಿಗೇ ಕಾದಿಟ್ಟಿದ್ದಳು. "ನಡುವೆ ಕುಂತವರ್ಯಾರೆ, ನಡುವಿಗೆ ಬರೆಯೋದೇನೆ" ಎನ್ನುವುದೊಂದು ಕೇಳುತ್ತಿತ್ತು. ಆಮೇಲೆ ಕಕ್ಕಸಿನ ಔಷಧಿಯವನು ಬರುತ್ತಿದ್ದ. ಅವನು ಹೋಗುವಷ್ಟರಲ್ಲಿ ಹಾಡೂ ಮುಗಿದಿರುತ್ತಿತ್ತು.

ರೆಕಾರ್ಡಿನಲ್ಲಂತೂ ಇರುತ್ತದೆಂದು ಶ್ರೀಲತಾ ನಂಬಿದ್ದಳು. ಕೇಳಿನೋಡಲೂ ಭಯ, ನಾಳೆ ಇನ್ನೊಂದು ಸಲ ಸಿಗುತ್ತದೆಂಬ ಸೋಮಾರಿತನವೂ ಇತ್ತು. ಹುಟ್ಟಿದ ಬುದ್ಧಿ ಎಲ್ಲಿಗೆ ಹೋಗಬೇಕು?

ಆ ನಾಳೆ ಬರಲಿಲ್ಲ. ಚಳಿಗಾಲದಲ್ಲಿ ಹೂವಮ್ಮನಿಗೆ ಜ್ವರ ಬಂತು, ಕಫ ಕಟ್ಟಿತು. ನಾಲ್ಕನೇ ದಿನ ಮಂಚದಿಂದಲೇ ಟಿ.ವಿ. ಕಡೆ ಕೈ ತೋರಿಸಿ, "ಸೌಂಡು ಜಾಸ್ತಿ ಮಾಡೇ" ಎಂದಳು. ಆಗ ಬರುತ್ತಿದ್ದದ್ದು ಜಾಹೀರಾತು. ತುಟಿಗಳು ಅಲುಗಿದವು, ದನಿ ಹೊರಡಲಿಲ್ಲ. ಐದನೇ ದಿನ ಹೋಗಿಬಿಟ್ಟಳು.

ಹದಿಮೂರು ದಿನ ಕಳೆದ ಮೇಲೆ ಶ್ರೀಲತಾ ಮೊಬೈಲು ಹಿಡಿದು ನಜೀರ್ ಸಾಬರಲ್ಲಿಗೆ ಹೋದಳು. ಅವರು ಅದನ್ನು ಕಂಪ್ಯೂಟರಿಗೆ ಹಾಕಿ, ಕಿವಿಗೆ ಹೆಡ್‌ಫೋನ್ ಇಟ್ಟುಕೊಂಡು ಎರಡು ಮಧ್ಯಾಹ್ನ ಕೂತರು.

"ಆ ಜಾಹೀರಾತಿನವನನ್ನ ತೆಗೆದ್ರೆ ಅತ್ತೆಯವರೂ ಜೊತೇಲೇ ಹೋಗ್ತಾರಮ್ಮಾ. ಇಬ್ಬರೂ ಒಂದರೊಳಗೊಂದು ಕೂತುಬಿಟ್ಟಿದ್ದಾರೆ."

"ಒಂದು ಸಾಲಾದ್ರೂ ಸಿಗಲ್ವಾ ಸಾಬ್ರೇ?"

ಅವರು ಹೆಡ್‌ಫೋನ್ ತೆಗೆದಿಟ್ಟು ತಲೆ ತಗ್ಗಿಸಿದರು. "ಉಸಿರು ಕೇಳ್ತದೆ. ಮಾತು ಕೇಳಲ್ಲ."

ವರ್ಷ ತುಂಬುವುದರೊಳಗೆ ಶುಭಕಾರ್ಯ ಮುಗಿಸಬೇಕೆಂದು ಹಿರಿಯರು ವೈಶಾಖಕ್ಕೆ ಮುಹೂರ್ತ ಇಟ್ಟರು. ಚನ್ನೇಶ ನಡುಮನೆಯ ಗೋಡೆಯಿಂದ ಟಿ.ವಿ. ಇಳಿಸಿದ. ಗೋಡೆಗೆ ಕೆಮ್ಮಣ್ಣು ಹಚ್ಚಿದರು. ಶ್ರೀಲತಾ ನಾರಿನ ಕುಂಚ ಹಿಡಿದು, ಹಾಡುತ್ತ ಬರೆಯತೊಡಗಿದಳು. ಎಳೆ ತಪ್ಪಲಿಲ್ಲ, ಮೂಲೆಯ ಹೂವು ತಪ್ಪಲಿಲ್ಲ. ಸುತ್ತ ನಿಂತ ಹೆಂಗಸರು, "ಥೇಟ್ ಹೂವಮ್ಮನ ಕೈ ಕಣೇ" ಎಂದರು. "ನಡುವೆ ಕುಂತವರ್ಯಾರೆ, ನಡುವಿಗೆ ಬರೆಯೋದೇನೆ" ಎನ್ನುವಲ್ಲಿಗೆ ಬಂದು ಅವಳ ಬಾಯಿಯೂ ಕೈಯೂ ನಿಂತವು.

"ಮರ್ತುಹೋಯ್ತಾ? ಮೊಬೈಲಲ್ಲಿ ಐತಂತಲ್ಲ, ಹಾಕು ಮತ್ತೆ" ಎಂದಳು ಒಬ್ಬಳು.

ಶ್ರೀಲತಾ ಹಾಕಿದಳು. ಹಸೆಯ ಮುಂದೆ, ಉರಿಯುವ ದೀಪದ ಮುಂದೆ, ಕಕ್ಕಸಿನ ಔಷಧಿಯವನು ಗಂಟಲು ಹರಿಯುವಂತೆ ಕೂಗಿದ. ಹೆಂಗಸರು ಕಿಸಕ್ಕನೆ ನಕ್ಕರು. ಅವಳ ಮುಖ ನೋಡಿ ಒಬ್ಬೊಬ್ಬರಾಗಿ ಸುಮ್ಮನಾದರು. ಅವಳು ಗೋಡೆಗೆ ಹಣೆ ಹಚ್ಚಿ ಅತ್ತಳು. ಹಣೆಗೆಲ್ಲ ಕೆಮ್ಮಣ್ಣು ಮೆತ್ತಿಕೊಂಡಿತು.

ಮೇಘನಾ ಬಂದು ತಾಯಿಯ ಭುಜ ಹಿಡಿದಳು. "ಬಿಡಮ್ಮಾ. ನಾವು ಮುಂದೆ ಕೂರ್ತೀವಲ್ಲ, ಫೋಟೋದಲ್ಲಿ ಕಾಣಲ್ಲ."

ಕಾಣಲಿಲ್ಲ. ಮದುವೆ ಚೆನ್ನಾಗಿಯೇ ಆಯಿತು. ಖಾಲಿ ಕೆಂಪು ಜಾಗದ ಮುಂದೆ ಗಂಡುಹೆಣ್ಣು ಕೂತರು, ಅಕ್ಷತೆ ಬಿತ್ತು, ಮೇಘನಾ ಸೊರಬದ ಬಸ್ಸು ಹತ್ತಿದಳು.

ಮೂರನೇ ದಿನ ಚನ್ನೇಶ ಹಳೆಯ ಮೊಳೆಗಳಿಗೇ ಟಿ.ವಿ. ನೇತುಹಾಕಿದ. ಬರೆಯದೇ ಉಳಿದ ಜಾಗವನ್ನು ಅದು ಹೆಚ್ಚುಕಡಿಮೆ ಪೂರ್ತಿ ಮುಚ್ಚಿತು. ಮಧ್ಯಾಹ್ನ ಶ್ರೀಲತಾ ಒಬ್ಬಳೇ ಕೂತಳು. ವಿರಾಮ ಬಂತು, ಔಷಧಿಯವನು ಮೂವತ್ತರಲ್ಲಿ ಕೂಗಿದ. ರಿಮೋಟ್ ಅವಳ ಮಡಿಲಲ್ಲೇ ಇತ್ತು. ಅವಳು ಇಳಿಸಲಿಲ್ಲ. ಇಳಿಸಿದರೂ ಅದರಡಿಯಲ್ಲಿ ಕೇಳಲು ಈಗ ಏನೂ ಇರಲಿಲ್ಲ.