ಬ್ಯಾನರಿನಲ್ಲಿ ಇಲ್ಲದ ಫೋಟೋ

ಮಹಾರಾಷ್ಟ್ರದ ಗಡಿಗಂಟಿದ ನಮ್ಮ ಅಂಕಲಿಯ ಸರ್ಕಲ್ಲಿನಲ್ಲಿ ಪ್ರಥಮೇಶನ ಹುಟ್ಟುಹಬ್ಬದ ಬ್ಯಾನರ್ ಎದ್ದ ಬೆಳಿಗ್ಗೆ, ನಾನು ಸ್ಕೂಟಿ ನಿಲ್ಲಿಸಿ ಒಂದೊಂದೇ ಮುಖ ನೋಡಿದೆ. ಮೇಲಿನ ಸಾಲು, ನಡುವಿನ ಸಾಲು, ಕೆಳಗಿನ ಸಾಲು. ನನ್ನ ಮಗ ಓಂಕಾರ ಎಲ್ಲೂ ಇರಲಿಲ್ಲ.

ಎಷ್ಟು ಖುಷಿಯಾಯಿತು ಗೊತ್ತಾ?

ಇಂಥ ಬ್ಯಾನರುಗಳನ್ನು ನೀವೂ ನೋಡಿರುತ್ತೀರಿ. ನಡುವೆ ಆಳೆತ್ತರದ ಬರ್ತ್‌ಡೇ ಹುಡುಗ. ತಲೆಯ ಮೇಲೆ ಮರಾಠಿಯಲ್ಲಿ 'ಹಾರ್ದಿಕ್ ಶುಭೇಚ್ಛಾ', ಕಾಲ ಕೆಳಗೆ ಕನ್ನಡದಲ್ಲಿ 'ಶುಭ ಕೋರುವವರು'. ಸುತ್ತ ಗೆಳೆಯರ ಪಾಸ್‌ಪೋರ್ಟ್ ಸೈಜಿನ ಮುಖಗಳು, ಎಲ್ಲವಕ್ಕೂ ಕರಿ ಗಾಗಲ್. ಮೀಸೆ ಇನ್ನೂ ಸರಿಯಾಗಿ ಮೂಡದ ಪಿಯುಸಿ ಹುಡುಗರ ಹೆಸರಿನ ಮುಂದೆಲ್ಲ 'ದಾದಾ'! (ಯಾರಿಗೆ ದಾದಾ? ಸ್ನಾನಕ್ಕೆ ಹೋದರೆ ಟವೆಲ್ ಕೂಡ ಅವ್ವನೇ ಕೊಡಬೇಕು.)

ಹೋದ ವರ್ಷ ಇದೇ ಪ್ರಥಮೇಶನ ಬ್ಯಾನರಿನಲ್ಲಿ ನನ್ನ ಮಗನೂ ಯಾರದೋ ಗಾಗಲ್ ಹಾಕಿಕೊಂಡು ಮೆರೆದಿದ್ದ. ಅವತ್ತು ಆ ಹುಡುಗರು ಕೇಕ್ ಕತ್ತರಿಸಿದ್ದು ಕಬ್ಬು ಕಡಿಯುವ ಕೊಯ್ತಾದಿಂದ. ಅದರದ್ದೊಂದು ರೀಲ್ ಬೇರೆ. ನಾನು ವಾರಗಟ್ಟಲೆ ಬೈದಿದ್ದೆ. ನನ್ನ ಬೈಗುಳ ನಾಟಿತಲ್ಲ, ಮಗ ಆ ಗುಂಪು ಬಿಟ್ಟನಲ್ಲ ಅಂತ ಈಗ ಮನೆಗೆ ಬಂದು ಶಿರಾ ಮಾಡಿದೆ. ತುಪ್ಪ ಕೈಬಿಚ್ಚಿ ಹಾಕಿದೆ. ಓಂಕಾರ ಎರಡು ಚಮಚ ತಿಂದು ತಟ್ಟೆ ಸರಿಸಿದ. (ಎಲ್ಲರ ಹೆಸರೂ ಬದಲಿಸಿದ್ದೇನೆ. ನನ್ನ ಮಗ ಈ ಅಂಕಣ ಓದುವುದಿಲ್ಲ, ಆದರೆ ಅವನ ಗೆಳೆಯರ ತಾಯಂದಿರು ಓದುತ್ತಾರೆ.)

ಆ ಮಧ್ಯಾಹ್ನ ನಮ್ಮ ಮಹಿಳಾ ಸಂಘದ ಬೋರ್ಡ್ ಮಾಡಿಸಲು ಶೀತಲಣ್ಣನ ಫ್ಲೆಕ್ಸ್ ಅಂಗಡಿಗೆ ಹೋದೆ. (ನಮ್ಮ ಕಡೆ ಶೀತಲ್ ಅಂದರೆ ಗಂಡಸು. ನನ್ನನ್ನು ಅವರು ವೈನಿ, ಅಂದರೆ ಅತ್ತಿಗೆ, ಎನ್ನುತ್ತಾರೆ.) ಊರಿನ ಅಷ್ಟೂ ಬ್ಯಾನರ್ ಹುಟ್ಟುವುದು ಅವರ ಕಂಪ್ಯೂಟರಿನಲ್ಲೇ. "ನಮ್ಮ ಓಂಕಾರ ಶಾಣ್ಯಾ ಆದ ನೋಡ್ರಿ, ಈ ಸಲ ಬ್ಯಾನರ್‌ನಾಗ ಇಲ್ಲ" ಎಂದು ಬೀಗಿದೆ.

ಶೀತಲಣ್ಣ ಮೌಸ್ ಮೇಲಿನ ಕೈ ತೆಗೆದರು.

"ವೈನಿ, ಅವ ಬಿಟ್ಟಿಲ್ರಿ. ಅವನ್ನ ತಗಸ್ಯಾರ."

"ಅಂದ್ರ?"

"ಡಿಸೈನ್‌ನಾಗ ಓಂಕಾರ ಇದ್ದ. ಪ್ರಿಂಟ್ ಹಾಕೂ ಹೊತ್ತಿಗೆ ಪ್ರಥಮೇಶನ ಹುಡುಗರು ಬಂದು, ನನ್ನ ಬಾಜೂಕ ನಿಂತು ಡಿಲೀಟ್ ಮಾಡಸಿದ್ರು. ಇವನ ಹಿಸಾಬ ಬ್ಯಾರೆ ಐತಿ ಅಂದ್ರು. ಹಿಂದ ಹಿಂಗ ಒಬ್ಬ ಹುಡುಗನ್ನ ತಗಸಿದ್ದರ್ರಿ. ವಾರದಾಗ ಅವನ ತಲಿ ಒಡೀತು."

"ಮತ್ತ ನನಗ ಯಾಕ ಹೇಳಲಿಲ್ರಿ?" ಎಂದು ಸಿಟ್ಟಿನಿಂದಲೇ ಕೇಳಿದೆ.

"ಗಿರಾಕಿ ಮಾತು ಹೊರಗ ಹಾಕಿದ್ರ ಅಂಗಡಿ ನಡೀಬೇಕಲ್ರಿ?"

ಅದೂ ನಿಜವೇ. ಮಕ್ಕಳ ಸುದ್ದಿ ಎಲ್ಲರಿಗೂ ಚೂರುಚೂರು ಗೊತ್ತಿರುತ್ತದೆ. ಫ್ಲೆಕ್ಸಿನವನಿಗೆ ಒಂದು ಚೂರು, ಬೇಕರಿಯವನಿಗೆ ಇನ್ನೊಂದು, ಕಾಲೇಜಿನವರಿಗೆ ಮತ್ತೊಂದು. ಹೆತ್ತವರಿಗೆ ಮಾತ್ರ ಆಸ್ಪತ್ರೆಯಿಂದ ಫೋನ್ ಬಂದಾಗ ಎಲ್ಲವೂ ಒಟ್ಟಿಗೇ ಗೊತ್ತಾಗುತ್ತದೆ.

ಮನೆಗೆ ಬಂದವಳೇ ದನದ ಕೊಟ್ಟಿಗೆಗೆ ಹೋದೆ. ಯಾಕೆ ಹೋದೆನೋ ನನಗೇ ಗೊತ್ತಿಲ್ಲ. ಮೇವು ಕತ್ತರಿಸುವ ನಮ್ಮ ಕೊಯ್ತಾ ಮೊಳೆಯ ಮೇಲೆ ಇರಲಿಲ್ಲ.

ಅದು ಮಗನ ಕಾಲೇಜ್ ಬ್ಯಾಗಿನಲ್ಲಿತ್ತು. ಮೇಲೆ ಅಕೌಂಟೆನ್ಸಿ ಪುಸ್ತಕ.

"ಏನಲೇ ಇದು?"

"ಅವರು ಹೊಡ್ಯಾಕ ಬಂದ್ರ ನಾ ಏನ್ ಮಾಡ್ಲಿ ಮಮ್ಮಿ?" ಅಷ್ಟೆತ್ತರದ ಹುಡುಗ ಅಳು ತಡೆದುಕೊಂಡು ನಿಂತಿದ್ದು ನೋಡಿ, ಬೈಯುವುದು ಬಿಟ್ಟು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ. ಆದದ್ದಿಷ್ಟು: ಪ್ರಥಮೇಶ ಕೊಯ್ತಾ ಹಿಡಿದು ಸ್ಟೈಲಾಗಿ ನಡೆದು ಬರುವ ರೀಲಿನಲ್ಲಿ ಅವನ ಚಪ್ಪಲಿ ಕಿತ್ತಿತ್ತು. ಓಂಕಾರ ಅದರ ಕೆಳಗೆ ನಗುವ ಇಮೋಜಿ ಹಾಕಿದ್ದ. ಊರ ಹುಡುಗರೆಲ್ಲ ನಕ್ಕರು. ಒಂದು ಇಮೋಜಿಗೆ ಒಂದು ತಲೆಯೇ?

ನಮ್ಮ ಯಜಮಾನರು ಸುದ್ದಿ ಕೇಳಿದ್ದೇ ತಡ, "ನಾಕ್ ಮಂದಿ ಕರ್ಕೊಂಡು ಅವರ ಮನಿಗೆ ಹೋಗ್ತೀನಿ" ಎಂದು ಎದ್ದರು. ಮಗನಿಗೂ ಅಪ್ಪನಿಗೂ ಬುದ್ಧಿ ಒಂದೇ! ಅವರನ್ನು ಕೂರಿಸಿ, ಸೆರಗಿನಲ್ಲಿ ಕೊಯ್ತಾ ಸುತ್ತಿಕೊಂಡು ನಾನೇ ಹೋದೆ. ಪ್ರಥಮೇಶನ ತಾಯಿ ಸುರೇಖಾ ನಮ್ಮ ಸಂಘದವಳೇ, ಮೀಟಿಂಗಿನಲ್ಲಿ ನನ್ನ ಪಕ್ಕದಲ್ಲೇ ಕೂರುವವಳು. ಎಮ್ಮೆ ಹಿಂಡುತ್ತಿದ್ದಳು.

"ನಮ್ಮ ಪ್ರಥಮೇಶ ಹಂತಾವ ಅಲ್ರಿ ವೈನಿ" ಅಂದಳು.

"ನಮ್ಮ ಓಂಕಾರನೂ ಹಂತಾವ ಅಲ್ಲ, ಸುರೇಖಾ" ಅಂದೆ. ಸೆರಗು ಬಿಚ್ಚಿ ಕೊಯ್ತಾ ತೋರಿಸಿದೆ. ಅವಳ ಕೈಯಲ್ಲಿದ್ದ ಚರಿಗೆಯ ಹಾಲು ಚೆಲ್ಲಿತು.

ಮರುದಿನ ಶೀತಲಣ್ಣನ ಅಂಗಡಿಯಲ್ಲಿ ಕೂತೆವು. ನಾವಿಬ್ಬರು ತಾಯಂದಿರು, ಬೇಕರಿಯವರು, ಕಾಲೇಜಿನ ಪಿ.ಟಿ. ಸರ್, ಬೀಟ್ ಪೊಲೀಸ್. (ಯೂನಿಫಾರ್ಮ್ ಬಿಟ್ಟು ಬರ್ರಿ ಅಂದಿದ್ದೆವು, ಪಾಪ, ಟೀ ಶರ್ಟಿನಲ್ಲಿ ಬಂದರು.) ಇಬ್ಬರೂ ಹುಡುಗರನ್ನು ಕರೆಸಿ ಮಾತಾಡಿಸಿದೆವು. ಕೈ ಕುಲುಕಿದರು, ಕಣ್ಣು ಮಾತ್ರ ನೆಲದ ಮೇಲೇ ಇತ್ತು.

ಅವರು ಹೋದಮೇಲೆ ಬೇಕರಿಯವರು, "ಇನ್ನ ಮ್ಯಾಲ ಹುಡುಗರಿಗೆ ಕೇಕ್ ತುಂಡ ಮಾಡೇ ಕೊಡ್ತೀನ್ರಿ, ಕೊಯ್ತಾಕ್ಕ ಕೆಲಸಾನ ಇರೂದಿಲ್ಲ" ಅಂದರು. ಎಲ್ಲರೂ ನಕ್ಕೆವು. ಆಮೇಲೆ ನಾನೊಂದು ನಿಯಮ ಹೇಳಿದೆ: ಬ್ಯಾನರಿನಿಂದ ಯಾವ ಹುಡುಗನ ಫೋಟೋ ತೆಗೆಸಿದರೂ ಶೀತಲಣ್ಣ ನನಗೊಂದು ಫೋನ್ ಮಾಡಬೇಕು, ನಾನು ಆ ಹುಡುಗನ ತಾಯಿಗೆ ತಿಳಿಸಬೇಕು. ಅಂಗಡಿಯ ಹೆಸರು ಎಲ್ಲೂ ಬರಬಾರದು. ಎಲ್ಲರೂ ಒಪ್ಪಿದರು.

ದೊಡ್ಡವರ ಭಾಷೆಯಲ್ಲಿ ಇದಕ್ಕೆ 'ಸಮುದಾಯ ಸಹಭಾಗಿತ್ವ' ಎನ್ನುತ್ತಾರಂತೆ. ಅದೇ ಮಾತು ಹೇಳಿಕೊಂಡು ಹತ್ತಿರದ ಊರೊಂದರಲ್ಲಿ 'ಯುವಜನರಲ್ಲಿ ಶಾಂತಿ' ಅಂತ ಕಾರ್ಯಕ್ರಮವೂ ಆಯಿತು. ಅದರ ಬ್ಯಾನರಿನಲ್ಲಿ ಒಬ್ಬ ಹಿರಿಯರ ಫೋಟೋ ಬಿಟ್ಟುಹೋಗಿ, ವೇದಿಕೆಯ ಹಿಂದೆ ಕೊರಳಪಟ್ಟಿ ಹಿಡಿಯುವ ತನಕ ಹೋಯಿತು. ಹುಡುಗರು ಎಲ್ಲಿಂದ ಕಲಿಯುತ್ತಾರೆ ಅಂತ ಇನ್ನೂ ಕೇಳಬೇಕೇ?

ನಮ್ಮ ಕೊಯ್ತಾ ಈಗ ನನ್ನ ಸೀರೆಗಳ ಕಪಾಟಿನಲ್ಲಿದೆ, ಬೀಗದೊಳಗೆ. ಆದರೆ ಅಂಕಲಿಯಲ್ಲಿ ಇರುವುದು ಅದೊಂದೇ ಕೊಯ್ತಾನಾ? ಸುತ್ತ ಎತ್ತ ನೋಡಿದರೂ ಕಬ್ಬು. ಮಗ ಕಾಲೇಜಿಂದ ಬರುವುದು ಸ್ವಲ್ಪ ತಡವಾದರೂ ಬಾಗಿಲಿಗೆ ಬಂದು ನಿಲ್ಲುತ್ತೇನೆ. ಆದರೂ ತಿಂಗಳುಗಟ್ಟಲೆ ಏನೂ ಆಗಲಿಲ್ಲ. ನಿಯಮ ಮಾಡಿದವಳು ನಾನೇ ಅಂತ ಒಳಗೊಳಗೆ ಹೆಮ್ಮೆಯೂ ಇತ್ತು.

ಮೊನ್ನೆ ಶೀತಲಣ್ಣನ ಫೋನ್ ಬಂತು.

"ವೈನಿ, ಓಂಕಾರನ ಬರ್ತ್‌ಡೇ ಬಂತಲ್ರಿ. ಬ್ಯಾನರ್ ಮಾಡಸಾಕ ಬಂದಾನ."

ನನ್ನ ಬಾಯಿಂದ ಹೊರಟ ಪ್ರಶ್ನೆ ಒಂದೇ. "ಪ್ರಥಮೇಶನ ಫೋಟೋ ಕೊಟ್ಟಾನೇನ್ರಿ?"

"ನಿನ್ನಿ ಕೊಟ್ಟಿದ್ದ." ಆ ಕಡೆ ದನಿ ತಗ್ಗಿತು. "ಈಗ ಬಾಜೂಕ ನಿಂತು, ತಗೀರಿ ಅಂದ. ನಾ ಹೊರಗ ಬಂದು ಮಾತಾಡಾಕತ್ತೀನ್ರಿ."

ತೆಗೆಸುವ ಹುಡುಗ ಯಾವಾಗಲೂ ಇನ್ನೊಬ್ಬರ ಮನೆಯವನೇ ಆಗಿರುತ್ತಾನೆ ಅಂದುಕೊಂಡೇ ನಾನು ಆ ನಿಯಮ ಮಾಡಿದ್ದೆ.

ಶೀತಲಣ್ಣನೇ ಕೇಳಿದರು: "ಸುರೇಖಾ ವೈನಿಗೆ ನೀವ ಹೇಳ್ತೀರೋ, ಇಲ್ಲಾ ನಾನ ಹೇಳ್ಲೋ?"